ರಜೆಯ ದಿನದ ಸೈರನ್

ನಮ್ಮ ಬೆಟ್ಟಸಾಲಿನಲ್ಲಿ ನೋವಿಗೆ ಯಾವ ಮದ್ದು ಸಿಗುತ್ತದೆ ಅನ್ನುವುದು ರೋಗಿ ಯಾವ ಬಸ್ಸು ಹತ್ತಿದ ಅನ್ನುವುದರ ಮೇಲೆ ನಿಂತಿತ್ತು. ಚಿಕ್ಕಮಗಳೂರಿನ ಬಸ್ಸು ಹತ್ತಿದರೆ ಇಂಜೆಕ್ಷನ್ನು. ಅಲ್ಲಿನ ನರ್ಸಿಂಗ್ ಹೋಮ್‌ಗಳಲ್ಲಿ ಪೆಂಟಜೋಸಿನ್ ಚುಚ್ಚಿ ಮಂಪರು ಬರಿಸಿ ಕಳಿಸುತ್ತಿದ್ದರು. ಕಳಸದ ಬಸ್ಸು ಹತ್ತಿದರೆ ಎರಡು ಬಣ್ಣದ ಕ್ಯಾಪ್ಸೂಲು. ಗದ್ದೆ ನೆಟ್ಟು ಬಂದ ಸೊಂಟನೋವಿಗೂ ಅದೇ, ಕ್ಯಾನ್ಸರಿಗೂ ಅದೇ. ಮೂಡಿಗೆರೆಯ ಕಡೆ ನಾವು ಡೈಕ್ಲೋಫೆನಾಕ್ ಕೊಟ್ಟು ‘ಸ್ವಲ್ಪ ತಡ್ಕೊಳ್ಳಿ’ ಅನ್ನುವವರು. ಚಾರ್ಮಾಡಿ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋದವರಿಗೆ ಮಾತ್ರ ಮಾರ್ಫಿನ್ ಮಾತ್ರೆ. ಅಫೀಮಿನಿಂದ ತೆಗೆಯುವ ಆ ಮದ್ದಿನ ಕೆಲಸವೇ ಬೇರೆ. ಆದರೆ ಅದು ಘಾಟಿ ಹತ್ತಿ ಈಚೆಗೆ ಬರುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಮೂಡಿಗೆರೆಯ ಹತ್ತಿರ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯಲ್ಲಿ ನಾನು ವೈದ್ಯನಾಗಿದ್ದೆ. ಡಾಕ್ಟರು ಅಂತ ಇದ್ದದ್ದು ಇಬ್ಬರೇ. ಆಸ್ಪತ್ರೆಯನ್ನು ಮೊದಲ ಇಟ್ಟಿಗೆಯಿಂದ ಕಟ್ಟಿ ನಿಲ್ಲಿಸಿದ ಹಿರಿಯರು ಒಬ್ಬರು, ಅವರನ್ನು ಎಲ್ಲರೂ ದೊಡ್ಡ ಡಾಕ್ಟ್ರು ಅನ್ನುತ್ತಿದ್ದರು. ಹಾಗಾಗಿ ನಾನು ಕೂದಲು ನರೆಯಲು ಶುರುವಾದ ಮೇಲೂ ಸಣ್ಣ ಡಾಕ್ಟ್ರು. ಜ್ವರ, ಹೆರಿಗೆ, ಹಾವು ಕಡಿತ, ಮೆಣಸು ಕೊಯ್ಯಲು ಹತ್ತಿ ಬಿದ್ದವರ ಕಾಲು, ಇವುಗಳಲ್ಲೇ ದಿನ ಮುಗಿಯುತ್ತಿತ್ತು. ಹೊಸ ರಗಳೆ ಹಚ್ಚಿಕೊಳ್ಳುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಮಳೆಗಾಲಕ್ಕೆ ಸ್ವಲ್ಪ ಮುಂಚೆ ಒಬ್ಬರು ಖಾಲಿಯಾದ ಮಾತ್ರೆಯ ಪಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ದೊಡ್ಡ ಕಾಫಿ ಎಸ್ಟೇಟಿದೆ, ಅಲ್ಲಿನ ರೈಟರು ಅವರು. ಬೆಳಿಗ್ಗೆ ಆಳುಗಳ ಹಾಜರಿ ತೆಗೆದು ಕೆಲಸಕ್ಕೆ ಹಚ್ಚುವುದು, ಸಂಜೆ ಲೆಕ್ಕ ಬರೆಯುವುದು ರೈಟರ ಕೆಲಸ. ಎಸ್ಟೇಟಿನ ಬೇಲಿಗೆ ಹೊಂದಿಕೊಂಡು ಇವರದ್ದೇ ಒಂದು ತುಂಡು ತೋಟ, ಅದರಲ್ಲಿ ಮನೆ. ಕಾಯಿಲೆ ಇವರಿಗಲ್ಲ, ಹೆಂಡತಿಗೆ. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರು. ಕರಾವಳಿಯ ಆಸ್ಪತ್ರೆಯವರು ಹೊಟ್ಟೆ ತೆರೆದು, ನೋಡಿ, ಹಾಗೇ ಹೊಲಿದು, ಮಾರ್ಫಿನ್ ಮಾತ್ರೆ ಕೊಟ್ಟು ಕಳಿಸಿದ್ದರು. ಮಾತ್ರೆ ಮುಗಿದಿತ್ತು.

“ಇದೇ ಬೇಕು ಡಾಕ್ಟ್ರೇ” ಅಂದರು ರೈಟರು. “ಚಿಕ್ಕಮಗ್ಳೂರಲ್ಲಿ ಒಂದು ಅಂಗ್ಡಿ ಬಿಡ್ದೆ ಕೇಳ್ದೆ. ಒಬ್ರಂತೂ, ಆ ಹೆಸ್ರನ್ನ ಜೋರಾಗಿ ಹೇಳ್ಬೇಡಿ, ಪಕ್ಕದಲ್ಲಿ ಗಿರಾಕಿಗಳಿದಾರೆ ಅಂದ್ರು. ನಾನೇನು ಕಳ್ಳಭಟ್ಟಿ ಕೇಳಿದ್ನಾ?”

ಮರುದಿನ ಆಸ್ಪತ್ರೆಯ ಜೀಪಿನಲ್ಲಿ ಅವರ ಮನೆಗೆ ಹೋದೆ. ಹೆಂಡತಿ ಜಗಲಿಯಲ್ಲಿ ಬೆಂಚಿನ ಮೇಲೆ ಕೂತಿದ್ದರು. ಎದುರಿಗೆ ಒಂದು ಸ್ಟೂಲು, ಅದರ ಮೇಲೆ ಕಾಫಿ ಹೊಟ್ಟು ತುಂಬಿದ ಗೋಣಿಚೀಲ, ಅದನ್ನು ತಬ್ಬಿಕೊಂಡು ಮುಂದಕ್ಕೆ ಬಾಗಿದ್ದರು. ಆ ಗ್ರಂಥಿಯ ಕ್ಯಾನ್ಸರಿನ ನೋವು ಹಾಗೆಯೇ. ಬೆನ್ನು ನೆಲಕ್ಕೆ ತಾಗಿತೋ, ಹೊಟ್ಟೆಯಿಂದ ಬೆನ್ನಿಗೆ ಗೂಟ ಹೊಡೆದಂತೆ ಆಗುತ್ತದೆ. ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ವಾಸಿ. ಊಟ, ನಿದ್ದೆ, ಬಂದವರ ಹತ್ತಿರ ಮಾತು, ಎಲ್ಲ ಆ ಚೀಲದ ಮೇಲೇ. ಕೆನ್ನೆಯ ಮೇಲೆ ಗೋಣಿಯ ನೇಯ್ಗೆ ಅಚ್ಚೊತ್ತಿತ್ತು.

“ಏನಾಗ್ಬೇಕು ನಿಮಗೆ?” ಅಂತ ಕೇಳಿದೆ. ಪೆದ್ದು ಪ್ರಶ್ನೆ, ಆದರೆ ಆ ಕಾಯಿಲೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಅದೊಂದೇ.

ಅವರು ಚೀಲದಿಂದ ಮುಖ ಎತ್ತಿದರು. “ವಾಸಿ ಮಾಡಿ ಅಂತ ಕೇಳಲ್ಲ. ಗೊತ್ತು ನಂಗೆ. ಮಲಗ್ಬೇಕು ಡಾಕ್ಟ್ರೇ, ಅಷ್ಟೇ. ಮೈ ಚೆಲ್ಲಿ ಮಲಗ್ಬೇಕು. ಸತ್ತ ಮೇಲೆ ಹೇಗೂ ಎಲ್ರೂ ಸೇರಿ ಹಿಡ್ದು ಮಲಗ್ಸ್ತೀರಲ್ಲ, ಅದಕ್ಕೆ ಮುಂಚೆ ನಾನಾಗೇ ಮಲಗ್ಬೇಕು.”

ರೈಟರು ಅಂಗಳದ ಕಡೆ ತಿರುಗಿ ನಿಂತರು. ನಾನು ನಾಡಿ ನೋಡುವ ನೆಪದಲ್ಲಿ ಆಕೆಯ ಕೈ ಹಿಡಿದುಕೊಂಡೆ. ನನಗೆ ಆಗ ಆದದ್ದು ಕರುಣೆಗಿಂತ ಹೆಚ್ಚಾಗಿ ಸಿಟ್ಟು. ಘಾಟಿಯ ಕೆಳಗೆ ದಿನವೂ ಬರೆಯುವ ಮಾತ್ರೆಯನ್ನು ಘಾಟಿಯ ಮೇಲೆ ಹೆಸರು ಹೇಳಲೂ ಹೆದರುವುದು ಯಾವ ವೈದ್ಯಶಾಸ್ತ್ರ?

ಮೊದಲು ನಾವು ಕೈಗೆ ಸಿಕ್ಕಿದ್ದನ್ನೇ ಪ್ರಯತ್ನಿಸಿದೆವು. ಪೆಂಟಜೋಸಿನ್ ಇಂಜೆಕ್ಷನ್ ಕೊಟ್ಟೆ. ಅದು ಹಿಡಿಯಿತು, ಆದರೆ ಅವರಿಗೆ ಗೋಡೆಯ ಮೇಲೆ ಇಲ್ಲದ ಜನ ಕಾಣಿಸತೊಡಗಿದರು. ಚುಚ್ಚಿದ ಜಾಗ ಗಂಟುಕಟ್ಟಿತು. ಚುಚ್ಚಲು ದಿನಕ್ಕೆ ಎಷ್ಟು ಸಲ ಅಂತ ಸಿಸ್ಟರನ್ನು ಅಷ್ಟು ದೂರ ಕಳಿಸುವುದು? ಕಳಸದವರ ಎರಡು ಬಣ್ಣದ ಕ್ಯಾಪ್ಸೂಲು ಕೊಟ್ಟೆ, ಅದು ಆ ನೋವಿನ ಮುಂದೆ ಲೆಕ್ಕಕ್ಕೇ ಬರಲಿಲ್ಲ. ಅದೇ ಹೊತ್ತಿಗೆ ಔಷಧ ಕಂಪನಿಯ ಪ್ರತಿನಿಧಿಯೊಬ್ಬ ಹೊಸ ಕ್ಯಾಪ್ಸೂಲಿನ ಸ್ಯಾಂಪಲ್ ತಂದು ಮೇಜಿನ ಮೇಲೆ ಸುರಿದ. ಟ್ರಮಡಾಲ್. “ಇದಕ್ಕೆ ಆ ಪರವಾನಗಿ ಈ ಪರವಾನಗಿ ಎಂತದೂ ಬೇಡ ಸಾರ್, ಧಾರಾಳವಾಗಿ ಬರೀಬಹುದು” ಅಂದ. ಕೊಟ್ಟು ನೋಡಿದೆ. ವಾಂತಿ ಹೆಚ್ಚಾಯಿತು, ಮಲಗಲು ಆಗಲಿಲ್ಲ.

ಆ ಪ್ರತಿನಿಧಿಯ ಮಾತು ಮಾತ್ರ ಮುಂದೆ ಅಕ್ಷರಶಃ ನಿಜವಾಯಿತು. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಆ ಕ್ಯಾಪ್ಸೂಲು ಕಳಸದಿಂದ ಮಲ್ಲಂದೂರಿನವರೆಗೆ ಎಲ್ಲ ಅಂಗಡಿಗಳಲ್ಲೂ ಬಂತು. ಸೊಂಟ ಹಿಡಿದವರಿಗೆ, ಮಂಡಿ ನೋವಿನವರಿಗೆ, ಕೊನೆಗೆ ನಿದ್ದೆ ಬಾರದವರಿಗೂ ಬರೆದುಕೊಟ್ಟರು. ಅದನ್ನು ಬಿಡಲಾಗದೆ ಒದ್ದಾಡಿದವರನ್ನು ನಾನೇ ನೋಡಿದ್ದೇನೆ. ಬೇಡದವರ ಕೈಗೆ ಸುಲಭವಾಗಿ ಸಿಗುವುದು, ಬೇಕಾದವರಿಗೆ ಬೀಗದೊಳಗೆ ಇರುವುದು, ಇದೇ ನಾನು ಆ ವರ್ಷಗಳಲ್ಲಿ ಕಂಡ ಬದಲಾವಣೆ. ಇರಲಿ, ಅದು ಆಮೇಲಿನ ಮಾತು.

ಉಳಿದ ದಾರಿ ಘಾಟಿ ಇಳಿಯುವುದು. ರೈಟರು ರಜೆ ಹಾಕಿ ಕರಾವಳಿಗೆ ಹೋಗಿ ಮಾತ್ರೆ ತರುತ್ತಿದ್ದರು. ಅಲ್ಲಿನ ಆಸ್ಪತ್ರೆಯ ನಿಯಮದಲ್ಲಿ ಒಂದು ಸಲಕ್ಕೆ ಕೊಡಬಹುದಾದದ್ದು ಇಷ್ಟೇ ಅಂತ ಇತ್ತು, ಅಷ್ಟನ್ನು ಅಲ್ಲಿಯವರು ಕೊಡುತ್ತಿದ್ದರು. ಆಷಾಢದಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಯಿತು. ಒಮ್ಮೆ ರೈಟರು ಅರ್ಧ ಘಾಟಿಯಿಂದ ವಾಪಸು ಬಂದು, ಮೈಯೆಲ್ಲ ಕೆಸರಾಗಿ, ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು.

ಈ ಅಲೆದಾಟದಿಂದ ಇನ್ನೊಂದು ಕೇಡೂ ಆಯಿತು. ಮುಗಿದರೆ ಗತಿ ಏನು ಅನ್ನುವ ಹೆದರಿಕೆಯಿಂದ ಅವರ ಹೆಂಡತಿ ಮಾತ್ರೆಯನ್ನು ಉಳಿಸತೊಡಗಿದರು. ಇನ್ನು ತಡೆಯಲು ಸಾಧ್ಯವೇ ಇಲ್ಲ ಅನ್ನಿಸಿದಾಗ ಒಂದು, ಕೆಲವೊಮ್ಮೆ ಅದರ ಅರ್ಧ. ಮಾರ್ಫಿನ್ ಹಾಗೆ ತೆಗೆದುಕೊಳ್ಳುವ ಮದ್ದಲ್ಲ. ನೋವು ಬಂದ ಮೇಲೆ ಅಟ್ಟುವುದಕ್ಕಲ್ಲ ಅದು, ಬರದ ಹಾಗೆ ಕಾಯುವುದಕ್ಕೆ. ನಾಲ್ಕು ಗಂಟೆಗೊಮ್ಮೆ, ನೋವಿರಲಿ ಬಿಡಲಿ, ನುಂಗಬೇಕು. ಅದನ್ನು ನಾನು ಎಷ್ಟು ಸಲ ಹೇಳಿದರೂ, ಮಾತ್ರೆಯೇ ಕಡಿಮೆ ಇದ್ದ ಮನೆಯಲ್ಲಿ ಅದು ಬರೀ ಬಾಯಿಮಾತು.

ಕೊನೆಗೆ ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ನಮ್ಮ ಆಸ್ಪತ್ರೆಯಲ್ಲೇ ಮಾರ್ಫಿನ್ ಇಡೋಣ, ಪರವಾನಗಿಗೆ ಅರ್ಜಿ ಹಾಕೋಣ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಂಗೆ ಎಂತಕ್ಕೆ ಮಾರಾಯ ಈ ರಗಳೆ? ಒಂದು ಮಾತ್ರೆ ಕಾಣೆಯಾದ್ರೆ ಪೊಲೀಸ್ರು ಬರೂದು ನನ್ನ ಬಾಗಿಲಿಗೆ. ಸುತ್ತ ಎಸ್ಟೇಟ್ ಆಳುಗಳ ಲೈನ್‌ಮನೆಗಳಿದಾವೆ. ಒಬ್ಬನಿಗೆ ರುಚಿ ಹತ್ತಿದ್ರೆ ಸಾಕು.”

“ಅವ್ರು ಕೂತ್ಕೊಂಡೇ ನಿದ್ದೆ ಮಾಡ್ತಿದಾರೆ ಸಾರ್.”

“ಗೊತ್ತಪ್ಪ. ಎಷ್ಟು ಜನ ಕೂಗ್ತಾ ಸತ್ತಿದ್ದನ್ನ ನೋಡಿದೀನಿ ಈ ಆಸ್ಪತ್ರೇಲಿ. ನಂಗೇನು ಕಲ್ಲು ಹೃದಯ ಅಂದ್ಕೊಂಡಿದೀಯಾ?”

ಅವರದ್ದು ಕಲ್ಲು ಹೃದಯವಲ್ಲ. ಒಂದು ತಲೆಮಾರಿನ ವೈದ್ಯರಿಗೆ ಆ ಮದ್ದೆಂದರೆ ಜೈಲು ಅಂತಲೇ ತಲೆಯಲ್ಲಿ ಕೂತಿತ್ತು. ಮದ್ದಿಗಿಂತ ಹೆದರಿಕೆಯನ್ನೇ ಹೆಚ್ಚಾಗಿ ಕಲಿತವರು ಅವರು. ಎರಡು ದಿನ ಕಳೆಯಿತು. ಆಮೇಲೆ ಬಡಗಿಯನ್ನು ಕರೆಸಿ, ಔಷಧದ ಕೋಣೆಯ ಬೀರುವಿಗೆ ಎರಡು ಬೀಗ ಹಾಕಿಸಿದರು. ಒಂದರ ಕೀಲಿ ಅವರ ಹತ್ತಿರ, ಇನ್ನೊಂದು ನನ್ನ ಹತ್ತಿರ. “ಇಬ್ರೂ ಎದುರಿಗಿದ್ರೆ ಮಾತ್ರ ತೆಗಿಯೂದು. ಇದು ನನ್ನ ಷರತ್ತು” ಅಂದರು. ಬೀರು ತಿಂಗಳುಗಟ್ಟಲೆ ಖಾಲಿಯೇ ಇತ್ತು, ಎರಡು ಬೀಗ ಹಾಕಿಕೊಂಡು.

ಯಾಕೆಂದರೆ ಪರವಾನಗಿ ಒಂದಲ್ಲ, ಮೂರು. ಮದ್ದನ್ನು ಇಟ್ಟುಕೊಳ್ಳಲು ಒಂದು, ಹೊರಗಿನಿಂದ ತರಿಸಲು ಒಂದು, ಅದು ರಸ್ತೆಯಲ್ಲಿ ಬರುವಾಗ ಜೊತೆಗಿರಲು ಒಂದು. ಮೂರೂ ಬೇರೆ ಬೇರೆ ಕಡೆಯಿಂದ ಬರಬೇಕು, ಮೂರಕ್ಕೂ ಬೇರೆ ಬೇರೆ ಅವಧಿ. ನಾನು ಹೊರರೋಗಿಗಳನ್ನು ಬೇಗ ಮುಗಿಸಿ ಚಿಕ್ಕಮಗಳೂರಿನ ಬಸ್ಸು ಹತ್ತುವುದು, ಅಲ್ಲಿ ಕಚೇರಿಯ ಬೆಂಚಿನ ಮೇಲೆ ಕೂರುವುದು, ಸಂಜೆ ವಾಪಸು ಬಂದು ವಾರ್ಡ್ ನೋಡುವುದು ಅಭ್ಯಾಸವಾಯಿತು. ಬೀಗ, ಬೀರು, ಕಿಟಕಿಯ ಸರಳು ಪರಿಶೀಲಿಸಲು ಒಬ್ಬರು ಬಂದುಹೋದರು. ಮೊದಲ ಪರವಾನಗಿ ಬಂದಾಗ ಸಿಸ್ಟರಿಗೆಲ್ಲ ಮೈಸೂರ್‌ಪಾಕ್ ಹಂಚಿದೆ. ಎರಡನೆಯದೂ ಬಂತು. ಮೂರನೆಯದನ್ನು ಹಿಡಿದುಕೊಂಡು ಹೋದಾಗ, ಕಡತ ನೋಡುತ್ತಿದ್ದ ಅಧಿಕಾರಿ ತಲೆ ಕೆರೆದುಕೊಂಡರು. ಒಳ್ಳೆಯ ಮನುಷ್ಯ, ದನಿಯಲ್ಲೇ ಸಂಕೋಚ.

“ಸಾರ್, ಮೂರೂ ಒಟ್ಟಿಗೆ ಚಾಲ್ತೀಲಿ ಇರ್ಬೇಕು. ಇದು ಬರೋಷ್ಟರಲ್ಲಿ ನಿಮ್ಮ ಮೊದಲನೇದರ ಅವಧಿ ಮುಗಿದಿದೆ.”

“ಹಾಗಾದ್ರೆ?”

“ಅದನ್ನ ಮತ್ತೆ ಮಾಡಿಸ್ಬೇಕು ಸಾರ್.”

“ಅದು ಬರೋಷ್ಟರಲ್ಲಿ ಇದು ಮುಗಿಯುತ್ತೆ.”

“ಹೌದು ಸಾರ್” ಅಂದರು ಅವರು. ಅವರಿಗೂ ನಗು ಬರಲಿಲ್ಲ, ನನಗೂ ಬರಲಿಲ್ಲ.

ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ನಿಜವಾಗಿ ಸಾಕಾಗಿತ್ತು. ಇಷ್ಟು ಮಾಡಿದೆನಲ್ಲ, ಇನ್ನು ನನ್ನಿಂದಾಗದು ಅಂತ ರೈಟರಿಗೆ ಹೇಳಿಬಿಡುವುದು ಅಂತ ತೀರ್ಮಾನಿಸಿಯೂ ಆಗಿತ್ತು. ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸೊಬ್ಬರು ಮುಂದಿನ ಸೀಟಿನ ಕಂಬಿಗೆ ಹಣೆ ಕೊಟ್ಟು ನಿದ್ದೆ ಹೋಗಿದ್ದರು. ಅದನ್ನು ನೋಡುತ್ತ ನೋಡುತ್ತ ನನ್ನ ತೀರ್ಮಾನ ಸಡಿಲವಾಯಿತು. ಮರುವಾರ ಮತ್ತೆ ಅರ್ಜಿ ಹಾಕಿದೆ, ಈ ಸಲ ತಲೆಕೆಳಗಾಗಿ: ಎಲ್ಲಕ್ಕಿಂತ ತಡವಾಗುವುದಕ್ಕೆ ಮೊದಲು, ಬೇಗ ಬರುವುದಕ್ಕೆ ಕೊನೆಗೆ. ಆ ಅಧಿಕಾರಿ ಒಂದು ಪರವಾನಗಿಯನ್ನು ಅಂಚೆಗೆ ಬಿಡದೆ ತಾವೇ ಕೈಯಲ್ಲಿ ಹಿಡಿದುಕೊಂಡು ಮುಂದಿನ ಮೇಜಿಗೆ ನಡೆದರು. ಕಾಫಿ ಹಣ್ಣಾಗುವ ಹೊತ್ತಿಗೆ ಮೂರಕ್ಕೂ ಒಟ್ಟಿಗೆ ಜೀವ ಬಂತು. ಮಾತ್ರೆಯೂ ಬಂತು. ಎರಡು ಕೀಲಿ ತಿರುಗಿಸಿ, ಆ ಡಬ್ಬಿಯನ್ನು ಒಳಗಿಟ್ಟು, ದೊಡ್ಡ ಡಾಕ್ಟರು ಕೈ ಒರೆಸಿಕೊಂಡರು, ಏನೋ ಅಂಟಿದವರ ಹಾಗೆ.

ರೈಟರ ಮನೆಗೆ ಮಾತ್ರೆ ಒಯ್ದೆ. ಜೊತೆಗೆ ಮಲ ಸಡಿಲಿಸುವ ಮಾತ್ರೆಯನ್ನೂ ಒಯ್ದೆ. ಮಾರ್ಫಿನ್ ಬರೆದ ಕೈಯಲ್ಲೇ ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಮಲಬದ್ಧತೆಯೇ ಹೊಸ ನೋವಾಗುತ್ತದೆ. ಇನ್ನು ಮುಂದೆ ಮಾತ್ರೆ ಮುಗಿಯುವ ಪ್ರಶ್ನೆಯಿಲ್ಲ, ಹೊತ್ತಿಗೆ ಸರಿಯಾಗಿ ನುಂಗಿ ಅಂದೆ. ಅವರ ಹೆಂಡತಿ ಅನುಮಾನದಿಂದ ನನ್ನ ಮುಖ ನೋಡಿದರು.

“ಈಗ ಅಷ್ಟೇನೂ ನೋವಿಲ್ಲ. ನೋವಿಲ್ದೆ ಮಾತ್ರೆ ತಗೊಂಡ್ರೆ ಅದು ಚಟ ಅಲ್ವಾ ಡಾಕ್ಟ್ರೇ? ಪಕ್ಕದ ಮನೆಯವ್ರು ಆಗ್ಲೇ ಅಂದ್ರು, ಅಫೀಮಂತಲ್ಲ ಅಂತ.”

“ಗಡಿಯಾರ ನೋಡಿ ತಗೊಳ್ಳಿ. ಚಟ ಆಗಲ್ಲ.”

“ಗಡಿಯಾರ ನೋಡ್ತಾ ಕೂತ್ರೆ ನೋವನ್ನೇ ಕಾಯ್ತಾ ಕೂತ ಹಾಗಾಗುತ್ತೆ.”

ಆಗ ರೈಟರು ಗಂಟಲು ಸರಿಮಾಡಿಕೊಂಡರು. “ಗಡಿಯಾರ ಬೇಡ. ಸೈರನ್ ಕೂಗುತ್ತಲ್ಲ, ಆಗ ತಗೋ.”

ಎಸ್ಟೇಟಿನಲ್ಲಿ ಕೈಯಿಂದ ತಿರುಗಿಸುವ ಒಂದು ಸೈರನ್ ಇತ್ತು. ಬೆಳಿಗ್ಗೆ ಹಾಜರಿಗೆ, ಮಧ್ಯಾಹ್ನ ಊಟಕ್ಕೆ, ಸಂಜೆ ಕೆಲಸ ಬಿಡುವುದಕ್ಕೆ ಅದನ್ನು ಕೂಗಿಸುತ್ತಿದ್ದರು. ರೈಟರ ಕಚೇರಿಯ ಕಿಟಕಿಯ ಪಕ್ಕದಲ್ಲೇ ಅದು. ಮದುವೆಯಾಗಿ ಬಂದ ದಿನದಿಂದ ಆಕೆ ಒಲೆ ಹಚ್ಚಿದ್ದು, ಅನ್ನ ಬಸಿದದ್ದು, ಕಾಫಿಗೆ ನೀರಿಟ್ಟದ್ದು ಎಲ್ಲ ಆ ಕೂಗಿಗೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದಕ್ಕೊಂದು ನಾಲ್ಕೈದು ಗಂಟೆಯ ಅಂತರ. ಮಲಗುವಾಗ ಎರಡು ಮಾತ್ರೆ ಒಟ್ಟಿಗೆ ಕೊಟ್ಟರೆ ನಡುರಾತ್ರಿ ಎದ್ದು ನುಂಗುವ ಗೋಳಿಲ್ಲ. ಪಠ್ಯಪುಸ್ತಕದಲ್ಲೂ ಹಾಗೇ ಇದೆ. ಆಗಬಹುದು ಅಂದೆ.

ಮೊದಲೆರಡು ದಿನ ಹೊಟ್ಟೆ ತೊಳಸಿತು, ಮಂಪರು ಹಿಡಿಯಿತು. ಮೂರನೆಯ ದಿನ ಅವರು ಗೋಣಿಚೀಲದಿಂದ ಹಿಂದೆ ಸರಿದು ಗೋಡೆಗೆ ಒರಗಿ ಕೂತರು. ಅದಾಗಿ ಎರಡು ದಿನಕ್ಕೆ ನಾನು ಹೋದಾಗ ಬೆಂಚು ಖಾಲಿ. ಒಳಗೆ ಚಾಪೆಯ ಮೇಲೆ ಒಂದು ಮಗ್ಗುಲಿಗೆ, ಮಂಡಿ ಮಡಚಿಕೊಂಡು ಮಲಗಿದ್ದರು. ಪೂರ್ತಿ ಮೈ ಚೆಲ್ಲಿ ಅಲ್ಲ, ಆದರೂ ಮಲಗಿದ್ದರು. ರೈಟರು ಬಾಯಿಗೆ ಬೆರಳಿಟ್ಟು ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, “ಕಾಫಿ ಆಮೇಲೆ ಕೊಡ್ತೀನಿ ಡಾಕ್ಟ್ರೇ, ಪಾತ್ರೆ ಸದ್ದಾಗುತ್ತೆ” ಅಂದರು. ಆ ವರ್ಷದಲ್ಲಿ ನನಗೆ ಸಿಕ್ಕ ಸಂತೋಷ ಅದೊಂದೇ. ಅದೂ ವಾರ ಬಾಳಲಿಲ್ಲ.

ಸೋಮವಾರ ಬೆಳಿಗ್ಗೆ ರೈಟರು ಸ್ಕೂಟರಿನಲ್ಲಿ ಬಂದರು. “ಮದ್ದು ಹಿಡೀತಿಲ್ಲ. ನಿನ್ನೆ ಸಂಜೆ ನಾನು ಕಳಸದ ಸಂತೆಯಿಂದ ಬರೋ ಹೊತ್ತಿಗೆ ಮತ್ತೆ ಗೋಣಿಚೀಲದ ಮೇಲೆ ಬಿದ್ದಿದ್ಲು. ಬೆವ್ರು ಸುರೀತಿತ್ತು. ರಾತ್ರಿ ಎರಡು ಕೊಟ್ರೂ ಏನೂ ಆಗ್ಲಿಲ್ಲ.”

ದೊಡ್ಡ ಡಾಕ್ಟರೂ ಅಲ್ಲೇ ಇದ್ದರು. ರೈಟರು ಹೊರಗೆ ಹೋದ ಮೇಲೆ ಹೇಳಿದರು: “ನೋಡ್ದ್ಯಾ? ಇಷ್ಟು ಬೇಗ ಸಾಲದಾಯ್ತು. ಇನ್ನು ಹೆಚ್ಚು ಮಾಡ್ತಾ ಹೋಗ್ತೀಯ, ಅದಕ್ಕೆ ಕೊನೆಯಿಲ್ಲ. ಇದಕ್ಕೇ ನಾನು ಬೇಡ ಅಂದದ್ದು. ಆ ಡಬ್ಬಿ ವಾಪಸು ಕಳ್ಸಿಬಿಡೋಣ ಮಾರಾಯ.”

ನನಗೂ ಧೈರ್ಯ ಕುಸಿಯಿತು. ಕಾಯಿಲೆ ಮುಂದುವರಿದಿರಬೇಕು, ಪ್ರಮಾಣ ದುಪ್ಪಟ್ಟು ಮಾಡಬೇಕು ಅಂದುಕೊಂಡೆ. ದುಪ್ಪಟ್ಟು ಮಾಡಿದರೆ ಉಸಿರಾಟ ಏನಾಗುತ್ತದೋ ಅನ್ನುವ ಹೆದರಿಕೆ ಬೇರೆ. ಇದೊಂದು ಸಲ ಅಂತ ದೊಡ್ಡ ಡಾಕ್ಟರನ್ನು ಒಪ್ಪಿಸಿ, ಎರಡೂ ಕೀಲಿ ತಿರುಗಿಸಿ ಹೆಚ್ಚಿನ ಮಾತ್ರೆ ತೆಗೆದುಕೊಂಡು ಜೀಪು ಹತ್ತಿದೆ. ದಾರಿಯುದ್ದಕ್ಕೂ ಅದು ಜೇಬಿನಲ್ಲಿ ಭಾರವಾಗಿ ಕೂತಿತ್ತು.

ನಾನು ತಲುಪುವ ಹೊತ್ತಿಗೆ ಬೆಳಗಿನ ಮಾತ್ರೆ ಹಿಡಿಯತೊಡಗಿ ರೈಟರ ಹೆಂಡತಿ ಸ್ವಲ್ಪ ಸುಧಾರಿಸಿದ್ದರು. ಮದ್ದು ಹಿಡಿಯುತ್ತಿಲ್ಲ ಅಂದವರ ಮುಖ ಹಾಗಿರುವುದಿಲ್ಲ. ನನಗೆ ಅನುಮಾನ ಬಂತು. ಪಕ್ಕ ಕೂತು ಒಂದೊಂದೇ ದಿನ ಕೇಳುತ್ತ ಬಂದೆ. ಶುಕ್ರವಾರ ತಗೊಂಡಿದ್ದಾರೆ. ಶನಿವಾರ ತಗೊಂಡಿದ್ದಾರೆ.

“ನಿನ್ನೆ?”

“ನಿನ್ನೆ ಭಾನುವಾರ ಅಲ್ವಾ? ಎಸ್ಟೇಟಿಗೆ ರಜೆ. ಸೈರನ್ ಇಲ್ಲ.”

“ಸೈರನ್ ಇಲ್ದಿದ್ರೆ ಏನಂತೆ? ಗಡಿಯಾರ ಇತ್ತಲ್ಲಮ್ಮ, ನಿಮಗೇ ಹೊತ್ತು ಗೊತ್ತು.”

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. “ಹೊತ್ತೇನೋ ಗೊತ್ತಿತ್ತು. ಆದ್ರೆ ಸೈರನ್ ಕೂಗಿದಾಗ ತಗೊಂಡ್ರೆ ಅದು ಕೆಲ್ಸದ ಹಾಗೆ. ಕೂಗ್ದೆ ನಾನಾಗೇ ಡಬ್ಬಿಗೆ ಕೈ ಹಾಕಿದ್ರೆ ಆಸೆಗೆ ತಗೊಂಡ ಹಾಗೆ ಅನ್ಸ್ತು. ಒಂದು ದಿನ ತಡ್ಕೊಳ್ಳೋಣ ಅಂದ್ಕೊಂಡೆ. ಆಗ್ಲಿಲ್ಲ.”

ದೊಡ್ಡ ಡಾಕ್ಟರ ಹೆದರಿಕೆ, ಅಂಗಡಿಯವರ ಹೆದರಿಕೆ, ಮೂರು ಪರವಾನಗಿಯ ಹೆದರಿಕೆ, ಎಲ್ಲ ಬಂದು ಈ ಹೆಂಗಸಿನ ಮೇಲೆ ಕೂತಿತ್ತು. ಜೀವ ಹಿಂಡುವ ನೋವಿನಲ್ಲೂ ಆಕೆಗೆ ತನ್ನ ಮಾನದ ಚಿಂತೆ. ಜೇಬಿನಲ್ಲಿದ್ದ ಮಾತ್ರೆಯನ್ನು ಹೊರಗೆ ತೆಗೆಯಲೇ ಇಲ್ಲ. ಅದನ್ನು ಕೊಟ್ಟಿದ್ದರೆ ಆರು ದಿನ ಮದ್ದು ಹೆಚ್ಚಾಗಿ, ಏಳನೆಯ ದಿನ ಮತ್ತೆ ಇದೇ ಕಥೆ.

ಬುದ್ಧಿ ಹೇಳಿ ಅವರನ್ನು ಒಪ್ಪಿಸಬಹುದಿತ್ತೇನೋ. ಅಷ್ಟು ವ್ಯವಧಾನ ಅವರ ಕಾಯಿಲೆಗೆ ಇರಲಿಲ್ಲ. ರೈಟರನ್ನು ಕರೆದುಕೊಂಡು ನೇರ ಎಸ್ಟೇಟಿನ ಆಫೀಸಿಗೆ ಹೋದೆ. ಮ್ಯಾನೇಜರು ಕಣದಲ್ಲಿ ಕಾಫಿ ಒಣಗಿಸುವುದನ್ನು ನೋಡುತ್ತ ನಿಂತಿದ್ದರು. ರಜೆಯ ದಿನವೂ ಮೂರು ಹೊತ್ತು ಸೈರನ್ ಕೂಗಿಸಬೇಕು ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಡಾಕ್ಟ್ರೇ, ರಜೆ ದಿನ ಸೈರನ್ ಕೂಗಿದ್ರೆ ಒಂದೋ ಆನೆ ನುಗ್ಗಿದೆ, ಇಲ್ಲಾ ಬೆಂಕಿ ಬಿದ್ದಿದೆ ಅಂತ ಲೆಕ್ಕ. ಲೈನ್‌ಮನೆಯವ್ರೆಲ್ಲ ಕತ್ತಿ ಹಿಡ್ಕೊಂಡು ಓಡಿ ಬರ್ತಾರೆ. ಆಮೇಲೆ ನಿಜವಾಗ್ಲೂ ಆನೆ ಬಂದಾಗ?”

“ನಿಜವಾಗ್ಲೂ ಬಂದಾಗ ಬಿಟ್ಟು ಬಿಟ್ಟು ಕೂಗ್ಸಿ. ಇದಕ್ಕೆ ಒಂದೇ ಸಲ, ಉದ್ದಕ್ಕೆ.”

ಯಾಕೆ ಅಂತ ಕೇಳಿದರು. ಹೇಳಿದೆ. ರೈಟರು ನೆಲ ನೋಡುತ್ತಿದ್ದರು. ಮನೆಯ ಕಷ್ಟವನ್ನು ಮ್ಯಾನೇಜರ ಮುಂದೆ ಯಾವತ್ತೂ ಬಾಯಿಬಿಡದ ಮನುಷ್ಯ.

“ಏನ್ರೀ ರೈಟ್ರೇ, ಇಷ್ಟಾಗಿದ್ರೂ ನೀವು ಒಂದು ಮಾತು ಹೇಳ್ಲಿಲ್ವಲ್ಲ” ಅಂದರು ಮ್ಯಾನೇಜರು. ಕೋಪದ ದನಿಯಲ್ಲೇ ಅಂದರು. ಆಮೇಲೆ ನನ್ನ ಕಡೆ ತಿರುಗಿ, “ನಾಳೆ ಹಾಜರಿಯಲ್ಲಿ ಎಲ್ರಿಗೂ ಹೇಳ್ತೀನಿ. ಸುಮ್ನೆ ಬಿಟ್ರೆ ಏನೇನೋ ಕಥೆ ಕಟ್ತಾರೆ” ಅಂದರು.

ಮುಂದಿನ ಭಾನುವಾರ ನಾನು ಬೇಕೆಂದೇ ಅಲ್ಲಿಗೆ ಹೋದೆ. ಕೊಟ್ಟಿಗೆಹಾರ ದಾಟಿ, ಎಸ್ಟೇಟಿನ ಗೇಟಿನ ಎದುರಿಗಿದ್ದ ಚಾ ಅಂಗಡಿಯಲ್ಲಿ ಕೂತೆ. ಮಧ್ಯಾಹ್ನ ಸೈರನ್ ಕೂಗಿತು, ಒಂದೇ ಸಲ, ಉದ್ದಕ್ಕೆ. ಲೈನ್‌ಮನೆಗಳ ಬಾಗಿಲಿಗೆ ಒಂದಿಬ್ಬರು ಬಂದು ನಿಂತು, ರೈಟರ ಮನೆಯ ದಿಕ್ಕಿಗೆ ನೋಡಿ, ಒಳಗೆ ಹೋದರು. ಅಂಗಡಿಯವನು ಗ್ಲಾಸು ತೊಳೆಯುತ್ತ, “ಅಮ್ಮ ಮಾತ್ರೆ ತಗೊಂಡ್ರು” ಅಂದ, ನನಗಲ್ಲ, ಸುಮ್ಮನೆ ತನ್ನಷ್ಟಕ್ಕೆ. ಗುಟ್ಟಿನಲ್ಲಿ ಹೆಸರು ಹೇಳಬೇಕಿದ್ದ ಮದ್ದಿನ ಹೊತ್ತು ಆ ಗುಡ್ಡಕ್ಕೆಲ್ಲ ಗೊತ್ತಾಗಿತ್ತು. ಚಟದ ಮಾತು ಮತ್ತೆ ಯಾರ ಬಾಯಲ್ಲೂ ಬಂದದ್ದು ನಾನು ಕೇಳಲಿಲ್ಲ.

ಪ್ರಮಾಣ ಹೆಚ್ಚು ಮಾಡಬೇಕಾಗಿ ಬಂದದ್ದು ಆಮೇಲೆ ಒಂದೇ ಸಲ, ಕಾಯಿಲೆ ಏರಿದಾಗ. ಎರಡು ಕೀಲಿಯ ಬೀರು ವಾರಕ್ಕೊಮ್ಮೆ ತೆರೆಯುತ್ತಿತ್ತು. ದೊಡ್ಡ ಡಾಕ್ಟರು ಕೀಲಿ ತಿರುಗಿಸುವಾಗ ಪ್ರತಿಸಲ, “ಹೇಗಿದಾರೆ ಆ ಯಮ್ಮ?” ಅನ್ನುತ್ತಿದ್ದರು. ಡಬ್ಬಿ ವಾಪಸು ಕಳಿಸುವ ಮಾತು ನಿಂತಿತು. ಬೇರೆ ರೋಗಿಗೆ ಅದನ್ನು ಬರೆಯೋಣ ಅಂದರೆ ಮಾತ್ರ ಇನ್ನೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಒಬ್ಬರಿಗೆ ಬರೆದದ್ದರಿಂದ ಒಂದು ತಾಲೂಕಿನ ಹೆದರಿಕೆ ಹೋಗುವುದಿಲ್ಲ ಅಂತ ನನಗೂ ಗೊತ್ತಾಗಿತ್ತು. ಪರವಾನಗಿಯ ಅವಧಿ ಮತ್ತೆ ಮುಗಿಯುತ್ತ ಬಂದಿತ್ತು. ಚಿಕ್ಕಮಗಳೂರಿನ ಆ ಬೆಂಚನ್ನು ನೆನೆಸಿಕೊಂಡರೆ ಈಗಲೂ ಸೊಂಟ ನೋಯುತ್ತದೆ.

ಕೊಯ್ಲು ಮುಗಿದು, ತೋಟದಲ್ಲಿ ಎಲ್ಲರೂ ಮೊದಲ ಮಳೆಗೆ ಕಾಯುತ್ತಿದ್ದ ಒಂದು ಭಾನುವಾರ, ವಾರದ ಮಾತ್ರೆ ಹಿಡಿದುಕೊಂಡು ಹೊರಟೆ. ಚಾ ಅಂಗಡಿಯ ಮುಂದೆ ಜೀಪು ನಿಲ್ಲಿಸಿದೆ. ಊಟದ ಹೊತ್ತಾಗಿತ್ತು. ಅಂಗಡಿಯವನು ಗಡಿಯಾರ ನೋಡಿದ, ನನ್ನನ್ನು ನೋಡಿದ, ಚಾ ಸೋಸುವುದನ್ನು ನಿಲ್ಲಿಸಿದ. “ಬೆಳಿಗ್ಗೇನೂ ಕೂಗ್ಲಿಲ್ಲ ಡಾಕ್ಟ್ರೇ” ಅಂದ. ಲೈನ್‌ಮನೆಗಳ ಮುಂದೆ ಜನ ಬಿಳಿ ಬಟ್ಟೆ ಉಟ್ಟು ಹೊರಡುತ್ತಿದ್ದರು. ಯಾರೂ ಅವರಿಗೆ ಹೇಳಿ ಕಳಿಸಿರಲಿಲ್ಲ.

ಅಂಗಳದಲ್ಲಿ ಬೆಂಚು ಹಾಕಿದ್ದರು. ಜಗಲಿಯ ಮೂಲೆಯಲ್ಲಿ ಗೋಣಿಚೀಲ ಮಡಚಿಟ್ಟಿತ್ತು, ಒಳಗಿನ ಹೊಟ್ಟನ್ನು ಯಾವತ್ತೋ ಗಿಡದ ಬುಡಕ್ಕೆ ಸುರಿದಿದ್ದರು. ಒಳಗೆ ಆಕೆಯನ್ನು ತಲೆ ದಕ್ಷಿಣಕ್ಕೆ ಮಾಡಿ ಮಲಗಿಸಿದ್ದರು. ಬೆನ್ನು ಪೂರ್ತಿ ನೆಲಕ್ಕೆ ತಾಗಿತ್ತು, ಕೈಕಾಲು ನೇರವಾಗಿದ್ದವು. ಸತ್ತವರೆಲ್ಲ ಹಾಗೆಯೇ ಇರುತ್ತಾರೆ, ಎಲ್ಲರನ್ನೂ ಹಾಗೆಯೇ ಮಲಗಿಸುತ್ತಾರೆ. ಅದನ್ನು ನೋಡಿ ನನಗೆ ದುಃಖ ತಡೆಯಲಾಗಲಿಲ್ಲ. ಇಷ್ಟೆಲ್ಲ ಓಡಾಡಿಯೂ ಕೊನೆಗೆ ಆಗಿದ್ದು ಇಷ್ಟೇಯೇ ಅನ್ನಿಸಿ ಬಾಗಿಲಲ್ಲೇ ನಿಂತುಬಿಟ್ಟೆ.

ರೈಟರು ಉಳಿದ ಮಾತ್ರೆಯ ಡಬ್ಬಿಯನ್ನು ತಂದು ನನ್ನ ಕೈಗೆ ಕೊಟ್ಟರು. ಅದು ವಾಪಸು ಬರಬೇಕಾದ ವಸ್ತು ಅಂತ ಅವರಿಗೆ ನೆನಪಿತ್ತು. ನಾನು ಏನು ನೋಡುತ್ತಿದ್ದೇನೆ ಅನ್ನುವುದೂ ಅವರಿಗೆ ಗೊತ್ತಾಯಿತು.

“ಆ ಕೋಣೆಯಿಂದ ಈ ಕೋಣೆಗೆ ತಂದದ್ದು ನಾವು, ತಲೆ ಈ ಕಡೆ ತಿರುಗಿಸಿದ್ದೂ ನಾವು, ಅಷ್ಟೇ” ಅಂದರು. “ನಾವು ಮಲಗ್ಸಿದ್ದಲ್ಲ ಡಾಕ್ಟ್ರೇ. ನಿನ್ನೆ ರಾತ್ರಿ ಮಾತ್ರೆ ತಗೊಂಡು, ಚಾಪೆ ಹಾಸ್ಕೊಂಡು, ಅವಳೇ ಹೀಗೆ ಮಲಗಿದ್ಲು.”